ಬ್ಯಾಕ್ಟೀರಿಯಾದ ಒಡಲಿಂದ ಪ್ಲಾಸ್ಟಿಕ್ ತೆಗೆಯುವ ಕೆಲಸ

ಸಕ್ಕರೆ ತಿಂದ ಬ್ಯಾಕ್ಟೀರಿಯಾ ತನ್ನೊಳಗೆ ಪ್ಲಾಸ್ಟಿಕ್ ಕೂಡಿಡುತ್ತದೆ ಎಂದರೆ ಈಗಲೂ ಹಲವರು ನನ್ನ ಮುಖ ನೋಡುತ್ತಾರೆ. ಫ್ರಾನ್ಸಿನ ವಿಜ್ಞಾನಿ ಮಾರಿಸ್ ಲೆಮ್ವಾನ್ 1920ರ ದಶಕದಲ್ಲೇ ಇದನ್ನು ಕಂಡುಹಿಡಿದಿದ್ದರು. ಪಾಲಿಹೈಡ್ರಾಕ್ಸಿಬ್ಯುಟಿರೇಟ್ ಎಂಬುದು ಆ ಪ್ಲಾಸ್ಟಿಕ್‌ನ ಪೂರ್ಣ ಹೆಸರು, ನಾವು ಪಿಎಚ್‌ಬಿ ಎನ್ನುತ್ತೇವೆ. ಸಕ್ಕರೆ ಧಾರಾಳವಾಗಿದ್ದು ಸಾರಜನಕಕ್ಕೆ ಬರ ಬಂದಾಗ, ನಮ್ಮ ಮೈ ಕೊಬ್ಬು ಕಟ್ಟುವ ಹಾಗೆ ಈ ಜೀವಿಗಳು ಪಿಎಚ್‌ಬಿ ಕಟ್ಟುತ್ತವೆ. ಚೆನ್ನಾಗಿ ಬೆಳೆಸಿದರೆ ಒಣತೂಕದ ಶೇ. 80ರಷ್ಟು ಅದೇ ಇರುತ್ತದೆ.

ಕೆಮಿಕಲ್ ಎಂಜಿನಿಯರಿಂಗ್ ಓದಿ ಈ ಕ್ಷೇತ್ರಕ್ಕೆ ಬಂದ ನನಗೆ ಮೊದಲು ಪಾಠ ಕಲಿಸಿದ್ದು ಗಾಳಿ. ಒಂದು ಲೀಟರ್ ನೀರಿನಲ್ಲಿ ನೂರಾರು ಗ್ರಾಂ ಗ್ಲೂಕೋಸ್ ಕರಗುತ್ತದೆ. ಆದರೆ 30 ಡಿಗ್ರಿಯಲ್ಲಿ ಗಾಳಿಯಿಂದ ಅದರೊಳಗೆ ಇಳಿಯುವ ಆಮ್ಲಜನಕ ಎಂಟು ಮಿಲಿಗ್ರಾಂ ಕೂಡ ಇಲ್ಲ. ದಟ್ಟವಾಗಿ ಬೆಳೆದ ಜೀವಿಗಳು ಅದನ್ನು ಕ್ಷಣಗಳಲ್ಲಿ ಮುಗಿಸುತ್ತವೆ. ಫ್ಲಾಸ್ಕಿನಲ್ಲಿ ಕುಲುಕಿದರೆ ಸಾಕು, ದೊಡ್ಡ ಫರ್ಮೆಂಟರ್‌ನಲ್ಲಿ ಮೋಟಾರು ತಿರುಗಬೇಕು, ಕಂಪ್ರೆಸರ್ ಓಡಬೇಕು, ಏಳುವ ನೊರೆಯನ್ನು ಅಡಗಿಸಬೇಕು. ಜೊತೆಗೆ ಜೀವಿಗಳು ಹೊರಬಿಡುವ ಶಾಖ. ಪಾತ್ರೆಯ ಅಳತೆ ಇಮ್ಮಡಿಯಾದರೆ ಗಾತ್ರ ಎಂಟು ಪಟ್ಟಾಗುತ್ತದೆ, ತಣಿಸುವ ಮೇಲ್ಮೈ ನಾಲ್ಕೇ ಪಟ್ಟು. ಚಿಕ್ಕ ಪಾತ್ರೆಯ ಫಲಿತಾಂಶ ದೊಡ್ಡದರಲ್ಲಿ ಬರಲಿಲ್ಲವೆಂದು ಜೀವಿಯನ್ನು ದೂರುವವರನ್ನು ನಾನು ಮೊದಲು ಕೇಳುವುದು ಈ ಲೆಕ್ಕವನ್ನೇ.

ಸಕ್ಕರೆಯ ಲೆಕ್ಕ ಇನ್ನೂ ಬಿಗಿ. ಸಿದ್ಧಾಂತದ ಪ್ರಕಾರವೇ ಒಂದು ಕಿಲೋ ಗ್ಲೂಕೋಸ್ ಕೊಡುವುದು ಅರ್ಧ ಕಿಲೋಗಿಂತ ತುಸು ಕಡಿಮೆ ಪಿಎಚ್‌ಬಿ, ವಾಸ್ತವದಲ್ಲಿ ಮೂರನೇ ಒಂದು ಭಾಗ ಬಂದರೆ ಒಳ್ಳೆಯದು. ಹಾಗಾಗಿ ನಮ್ಮ ಕಡೆಯವರ ಕಣ್ಣು ಸಹಜವಾಗಿ ಕಾಕಂಬಿಯತ್ತ ಹೋಗುತ್ತದೆ. ಅದರ ಸುಮಾರು ಅರ್ಧದಷ್ಟು ಸಕ್ಕರೆಯೇ. ಆದರೆ ಅದರೊಂದಿಗೆ ಲವಣಗಳೂ ಬಣ್ಣವೂ ಬರುತ್ತವೆ, ಕಾರ್ಖಾನೆಯಿಂದ ಕಾರ್ಖಾನೆಗೆ ಗುಣ ಬದಲಾಗುತ್ತದೆ. ಎಥೆನಾಲ್ ಘಟಕಗಳೂ ಅದಕ್ಕೇ ಕಾದಿರುತ್ತವೆ. ಅಗ್ಗದ ಕಚ್ಚಾವಸ್ತು ಎಂದು ಬರೆಯುವ ಮುನ್ನ ಅದು ವರ್ಷವಿಡೀ ಯಾವ ದರಕ್ಕೆ ಸಿಗುತ್ತದೆಂದು ಮಂಡ್ಯದಲ್ಲೋ ಬೆಳಗಾವಿಯಲ್ಲೋ ವಿಚಾರಿಸುವುದು ಸಂಶೋಧನೆಯ ಭಾಗವೇ ಎಂದು ನಾನು ನಂಬಿದ್ದೇನೆ.

ನನ್ನ ವರ್ಷಗಳನ್ನು ಹೆಚ್ಚು ತಿಂದದ್ದು ಕೊನೆಯ ಹಂತ. ಪಿಎಚ್‌ಬಿ ಜೀವಕೋಶದೊಳಗೆ ಸಣ್ಣ ಕಣಗಳಾಗಿ ಕುಳಿತಿರುತ್ತದೆ, ಗೋಡೆ ಒಡೆಯದೆ ಸಿಗದು. ಕ್ಲೋರೋಫಾರ್ಮ್ ಅದನ್ನು ಶುದ್ಧವಾಗಿ ಕರಗಿಸಿ ಕೊಡುತ್ತದೆ, ಆದರೆ ಪರಿಸರಸ್ನೇಹಿ ವಸ್ತುವಿಗಾಗಿ ಪೀಪಾಯಿಗಟ್ಟಲೆ ಕ್ಲೋರೋಫಾರ್ಮ್ ಬಳಸುವುದನ್ನು ನನ್ನ ಮನಸ್ಸು ಒಪ್ಪಲಿಲ್ಲ. ಹೈಪೋಕ್ಲೋರೈಟ್ ಅಗ್ಗ, ಜೀವಕೋಶವನ್ನೇನೋ ಜೀರ್ಣಿಸುತ್ತದೆ, ಎಚ್ಚರ ತಪ್ಪಿದರೆ ಪಾಲಿಮರ್‌ನ ಸರಪಳಿಯನ್ನೂ ಕತ್ತರಿಸುತ್ತದೆ. ಸರಪಳಿ ತುಂಡಾದರೆ ಅದರಿಂದ ಮಾಡಿದ ಹಾಳೆ ಬಿರುಕು ಬಿಡುತ್ತದೆ. ಮೊದಲೇ ಪಿಎಚ್‌ಬಿ ಪೆಡಸು. ಕರಗುವುದು 175 ಡಿಗ್ರಿಯ ಆಸುಪಾಸಿನಲ್ಲಿ, ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ತಾನೇ ಒಡೆಯತೊಡಗುತ್ತದೆ. ಅಚ್ಚು ಹಾಕುವವರಿಗೆ ಉಳಿಯುವ ಅವಕಾಶ ಬಹಳ ಕಿರಿದು. ವ್ಯಾಲರೇಟ್ ಬೆರೆತ ಪಾಲಿಮರ್ ಮೃದುವಾಗುತ್ತದೆ, ಖರ್ಚೂ ಏರುತ್ತದೆ.

ಇಷ್ಟಾದರೂ ನಾನು ಈ ವಸ್ತುವನ್ನು ಬಿಟ್ಟಿಲ್ಲ. ಇನ್ನೊಂದು ಜೈವಿಕ ಪ್ಲಾಸ್ಟಿಕ್ ಆದ ಪಿಎಲ್‌ಎ ಸರಿಯಾಗಿ ಕೊಳೆಯಲು ಸುಮಾರು 58 ಡಿಗ್ರಿಯ ಕಾಂಪೋಸ್ಟ್ ಘಟಕ ಬೇಕು. ಪಿಎಚ್‌ಬಿಯನ್ನು ಸಾಮಾನ್ಯ ಮಣ್ಣಿನ ಜೀವಿಗಳೇ ತಿನ್ನಬಲ್ಲವು. ಕಸ ವಿಂಗಡಣೆ ಇನ್ನೂ ನೆಲೆಗೊಳ್ಳದ ನಮ್ಮ ಊರುಗಳಿಗೆ ಇದು ದೊಡ್ಡ ಗುಣ.

ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಪ್ರಬಂಧದಲ್ಲಿ ಜೀವಕೋಶದೊಳಗಿನ ಪಿಎಚ್‌ಬಿ ಶೇಕಡಾ ಎಷ್ಟೆಂದು ಬರೆದು ನಿಲ್ಲಿಸಬೇಡಿ. ಒಂದು ಕಿಲೋ ಒಣ ಪುಡಿ ಕೈಗೆ ಬರಲು ಎಷ್ಟು ನೀರು, ಎಷ್ಟು ವಿದ್ಯುತ್, ಎಷ್ಟು ದ್ರಾವಕ ಹೋಯಿತು, ಅದರಲ್ಲಿ ಎಷ್ಟು ಮರಳಿ ಸಿಕ್ಕಿತು ಎಂಬುದನ್ನೂ ಅದೇ ಕೋಷ್ಟಕದಲ್ಲಿ ಬರೆಯಿರಿ.