ಸರ್ವರ್ ನಡೆಯುತ್ತಿತ್ತು, ವಿಳಾಸ ಇರಲಿಲ್ಲ

ಆ ದಿನ ಸಭೆಯಲ್ಲಿ ನಕ್ಕವರಿಗೂ, ಆಮೇಲೆ ಮದುವೆ ಮುಂಜಿಗಳಲ್ಲಿ ಅದಕ್ಕೆ ಉಪ್ಪು ಖಾರ ಹಚ್ಚಿ ಹೇಳಿದವರಿಗೂ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯ ಸರ್ವರ್ ಆ ಹೊತ್ತಿನಲ್ಲಿ ಸರಿಯಾಗಿಯೇ ನಡೆಯುತ್ತಿತ್ತು. ಅದರ ಲಾಗ್ ಇನ್ನೂ ಇಟ್ಟುಕೊಂಡಿದ್ದೇನೆ. ಸಂಶಯ ಇದ್ದವರು ಸಾಗರಕ್ಕೆ ಬಂದಾಗ ಮನೆಗೆ ಬಂದು ನೋಡಬಹುದು.

ಅಪ್ಪಯ್ಯ ಬಿಟ್ಟುಹೋದ ಯಕ್ಷಗಾನ ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆ, ಯಾರು ಬೇಕಾದರೂ ಕೇಳುವ ಹಾಗೆ ಅವನ್ನು ಮನೆಯಿಂದಲೇ ಇಂಟರ್ನೆಟ್ಟಿನಲ್ಲಿ ಇಡಬೇಕು ಎಂದು ಹೊರಟೆ. ‘ಯೂಟ್ಯೂಬಿಗೆ ಹಾಕಿದರೆ ಮುಗೀತಲ್ಲ’ ಎಂದು ಕೇಳದವರು ಊರಲ್ಲಿ ಯಾರೂ ಉಳಿದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅರ್ಥ ಹೇಳುವಾಗ ಎರಡು ಮಾತಿನ ನಡುವೆ ಬಿಡುವ ಬಿಡುವಿಗೂ ಅರ್ಥ ಇರುತ್ತದೆ. ಅಲ್ಲಿ ಯಾರೋ ಬಂದು ಸಾಬೂನು ಮಾರುವುದು ನನಗೆ ಬೇಡ. ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಅಟ್ಟದ ಮೇಲಿತ್ತು. ಅದನ್ನು ಇಳಿಸಿ ಡೆಬಿಯನ್ ಲಿನಕ್ಸ್ ಹಾಕಿದೆ.

ಲಿನಕ್ಸ್ ನಮ್ಮ ವಯಸ್ಸಿನವರಿಗೆ ಕಷ್ಟ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದು ಹೆದರಿಸುತ್ತದೆ, ಅಷ್ಟು ನಿಜ. ಮೊದಲ ಸಲ, ಯಂತ್ರದ ಪೂರ್ತಿ ಅಧಿಕಾರ ಬೇಡುವ ಸುಡೋ ಎಂಬ ಪದ ಬರೆದು ಆಜ್ಞೆ ಕೊಟ್ಟಾಗ, ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂದು ಬಂತು. ಆಯುಷ್ಯವೆಲ್ಲ ಬ್ಯಾಂಕಿನಲ್ಲಿ ಕಳೆದವಳಿಗೆ ವರದಿ ಎಂದರೆ ಇನ್‌ಸ್ಪೆಕ್ಷನ್, ಎದೆ ಧಸಕ್ಕೆಂದಿತು. ಆ ವರದಿ ಹೋಗುವುದು ಯಂತ್ರದ ಮೇಲಧಿಕಾರಿಯಾದ ರೂಟ್‌ಗೆ, ಈ ಯಂತ್ರದ ರೂಟ್ ನಾನೇ ಎಂದು ತಿಳಿಯಲು ಒಂದು ಸಂಜೆ ಹಿಡಿಯಿತು. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡಿನ ಜಾಗವನ್ನು ಖಾಲಿ ಬಿಟ್ಟರೆ ಡೆಬಿಯನ್ ತಾನಾಗಿ ನಿಮ್ಮನ್ನು ಆ ಪಟ್ಟಿಗೆ ಸೇರಿಸುತ್ತದೆ, ತುಂಬಿದರೆ ಸೇರಿಸುವುದಿಲ್ಲ. ನಾನು ತುಂಬಿದ್ದೆ, ಹಾಗಾಗಿ ರೂಟ್ ಆಗಿ ನಾನೇ ನನ್ನ ಹೆಸರು ಸೇರಿಸಿಕೊಂಡೆ.

ಆಮೇಲೆ, ಕೇಳಿದವರಿಗೆ ಪುಟ ಕಳಿಸುವ ಎಂಜಿನ್‌ಎಕ್ಸ್ ಎಂಬ ತಂತ್ರಾಂಶ ಹಾಕಿದೆ. ಬ್ರೌಸರಿನಲ್ಲಿ 403, ಪ್ರವೇಶ ನಿಷೇಧ ಎಂದು ಬಂತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದರೆ, ‘ಅತ್ತೆ, ಎಲ್ಲದಕ್ಕೂ 777 ಕೊಟ್ಟುಬಿಡಿ, ಸಿಂಪಲ್’ ಎಂದ. 777 ಎಂದರೆ ಆ ಯಂತ್ರದೊಳಗೆ ಹೊಕ್ಕ ಯಾರೇ ಆಗಲಿ ಫೈಲುಗಳನ್ನು ಓದಬಹುದು, ತಿದ್ದಬಹುದು, ನಡೆಸಬಹುದು. ಲಾಕರಿನ ಬೀಗದ ಕೈ ನೋಡಿಕೊಂಡವಳಿಗೆ ಹೇಳುವ ಮಾತೇ ಇದು? ಎರರ್ ಲಾಗ್ ತೆಗೆದು ಓದಿದೆ. ಯಾವ ಫೈಲು, ಯಾವ ಹೊತ್ತು, ಯಾಕೆ ಸಿಗಲಿಲ್ಲ, ಎಲ್ಲ ಒಂದೇ ಸಾಲಿನಲ್ಲಿತ್ತು. ನನ್ನ ಸ್ವಂತ ಫೋಲ್ಡರಿನೊಳಗೆ ಎಂಜಿನ್‌ಎಕ್ಸ್‌ಗೆ ಕಾಲಿಡಲು ಅನುಮತಿ ಇರಲಿಲ್ಲ. ಫೈಲುಗಳನ್ನು ಅಲ್ಲಿಂದ ತೆಗೆದು ಸರ್ವರ್‌ಗೆಂದೇ ಇರುವ ಜಾಗದಲ್ಲಿಟ್ಟು, ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಕೊಟ್ಟೆ. ಪುಟ ತೆರೆಯಿತು.

ಕನ್ನಡದಲ್ಲಿ ಹೆಸರಿಡುವವರಿಗೆ ಎದುರಾಗುವ ಒಂದು ತೊಡಕನ್ನು ಹೇಳಲೇಬೇಕು, ಯಾಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಪ್ರಸಂಗದ ಹೆಸರು, ಭಾಗವತರು, ಅರ್ಥಧಾರಿಗಳು, ಊರು, ಇಸವಿ ಎಲ್ಲ ಸೇರಿಸಿ ವಿಂಡೋಸ್‌ನಲ್ಲಿ ಉದ್ದುದ್ದ ಹೆಸರು ಕೊಟ್ಟಿದ್ದೆ. ಲಿನಕ್ಸಿಗೆ ನಕಲು ಮಾಡುವಾಗ ಕೆಲವು ಫೈಲುಗಳನ್ನು ಅದು ಹೆಸರು ಉದ್ದವಾಯಿತು ಎಂದು ಬಿಟ್ಟುಬಿಟ್ಟಿತು. ಅಲ್ಲಿ ಸಾಮಾನ್ಯವಾಗಿ ಬಳಸುವ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. ಅರ್ಧಾಕ್ಷರದ ಗುರುತು ಬೇರೆ, ಕಾಗುಣಿತದ ಗುರುತು ಬೇರೆ ಎಣಿಕೆ. ಹೆಸರಿನ ಮೊದಲು ಗೌರವಕ್ಕೆ ಒಂದು ಶ್ರೀ ಹಾಕಿದರೆ 12 ಬೈಟ್ ಹೋಯಿತು. ಎಲ್ಲ ಸೇರಿ 85 ಚಿಹ್ನೆಗೆ ಲೆಕ್ಕ ಮುಗಿಯುತ್ತದೆ. ಫೈಲಿಗೆ ಬರೀ ಕ್ರಮಸಂಖ್ಯೆ ಇಟ್ಟು, ಪೂರ್ತಿ ವಿವರವನ್ನು ಪುಟದೊಳಗೆ ಬರೆದೆ. ಅಲ್ಲಿ ಎಷ್ಟು ಶ್ರೀ ಬೇಕಾದರೂ ಹಾಕಬಹುದು.

ನಮ್ಮ ಮನೆಯವರು ‘ಧೂಳು ಕೂರ್ತದೆ’ ಎಂದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಾಗೆಲ್ಲ ಸರ್ವರ್ ನಿದ್ದೆ ಹೋಗುತ್ತಿತ್ತು. ಅದಕ್ಕೂ ಒಂದು ಸಾಲು ಇದೆ, ಮುಚ್ಚಳವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಬರೆದಿಡುವುದು. ಮನೆಯವರಿಗೆ ಹಾಗೆ ಬರೆದಿಡಲು ಬರುವುದಿಲ್ಲ.

ಇಲ್ಲಿವರೆಗಿನ ಯಾವ ತಾಪತ್ರಯವನ್ನೂ ಯಂತ್ರ ನನ್ನಿಂದ ಮುಚ್ಚಿಟ್ಟಿರಲಿಲ್ಲ. ಮುಂದಿನದ್ದು ಮನುಷ್ಯರ ಕೆಲಸ.

ಹೊರಗಿನಿಂದ 80 ಮತ್ತು 443ನೆಯ ಪೋರ್ಟಿಗೆ ಬಂದವರನ್ನು ನನ್ನ ಸರ್ವರ್ ಕಡೆ ಕಳಿಸು ಎಂದು ರೌಟರಿಗೆ ಹೇಳಬೇಕು, ಪೋರ್ಟ್ ಫಾರ್ವರ್ಡಿಂಗ್. ಹೇಳಿದೆ. ಒಂದು ಡೊಮೈನ್ ಹೆಸರು ಕೊಂಡು ಮನೆಯ ಐಪಿ ವಿಳಾಸಕ್ಕೆ ಜೋಡಿಸಿದೆ. ಮನೆಯ ವೈಫೈಯಲ್ಲಿ ಆ ಹೆಸರು ತೆರೆಯಲಿಲ್ಲ. ‘ಒಳಗಿನಿಂದ ತೆರೆಯಲ್ಲ ಅತ್ತೆ, ಹೊರಗಿಂದ ತೆರೆಯತ್ತೆ, ಕೆಲವು ರೌಟರ್‌ಗಳು ಹಾಗೇ’ ಎಂದ ಅಣ್ಣನ ಮಗ. ಮೊಬೈಲ್ ಡೇಟಾದಲ್ಲೂ ತೆರೆಯಲಿಲ್ಲ. ‘ಹೆಸರು ಎಲ್ಲ ಕಡೆ ಹರಡೋಕೆ 48 ಗಂಟೆವರೆಗೂ ಹಿಡೀಬಹುದು, ಅಲ್ಲಿವರೆಗೆ ನಿಮ್ಮ ಲ್ಯಾಪ್‌ಟಾಪಿನ ಹೋಸ್ಟ್ಸ್ ಫೈಲಲ್ಲಿ ಬರೆದುಕೊಳ್ಳಿ’ ಎಂದ. ನಾನು ಬಳಸುವ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಆ ಹೆಸರಿಗೆ ಸರ್ವರಿನ ಮನೆಯೊಳಗಿನ ವಿಳಾಸ 192.168.1.50 ಎಂದು ಬರೆದುಕೊಂಡೆ, ತೆರೆಯಿತು. ಸುರಕ್ಷಿತ ತಾಣ ಎನ್ನುವ ಬೀಗದ ಗುರುತು ಬರುವ ಹಾಗೆ ಮಾಡಲು ಸರ್ಟ್‌ಬಾಟ್ ಓಡಿಸಿದೆ. ಹೊರಗಿನಿಂದ ನಿಮ್ಮ ಸರ್ವರನ್ನು ಮುಟ್ಟಲು ಆಗುತ್ತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. ‘ಅದನ್ನ ಆಮೇಲೆ ನೋಡಣ, ಸದ್ಯಕ್ಕೆ ಬೀಗ ಬೇಡ’ ಎಂದ. ಇವನು ಹೇಳಿದ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ರೌಟರುಗಳು ಹಾಗೆ ಮಾಡುವುದೂ ಉಂಟು, ಹೆಸರು ಹರಡಲು ಹೊತ್ತು ಹಿಡಿಯುವುದೂ ಉಂಟು. ಅದೇ ಅವನ ಮೇಲೆ ಇನ್ನೂ ಸಿಟ್ಟಿರುವುದಕ್ಕೆ ಕಾರಣ. ಸುಳ್ಳು ಹೇಳಿದ್ದರೆ ನಾನು ಹಿಡಿಯುತ್ತಿದ್ದೆ.

ಅಷ್ಟರಲ್ಲಿ ಬಂತು ನಮ್ಮ ತಾಳಮದ್ದಳೆ ಸಂಘದ ವಾರ್ಷಿಕೋತ್ಸವ, ಮೊದಲು ಹೇಳಿದ ಆ ಸಭೆ. ದೇವಸ್ಥಾನದ ಸಭಾಭವನ, ಪ್ರೊಜೆಕ್ಟರ್, ಮುಂದಿನ ಸಾಲಿನಲ್ಲಿ ಅಪ್ಪಯ್ಯನ ಜೊತೆ ಅರ್ಥ ಹೇಳಿದ ಹಿರಿಯರು. ಮುಖ್ಯ ಅತಿಥಿಗಳು ನನ್ನ ಲ್ಯಾಪ್‌ಟಾಪಿನ ಬಟನ್ ಒತ್ತಿ ‘ಲೋಕಾರ್ಪಣೆ’ ಮಾಡಬೇಕು, ‘ಕೃಷ್ಣ ಸಂಧಾನ’ ಪ್ರಸಂಗ ಕೇಳಬೇಕು. ಒತ್ತಿದರು. ಬಿಳಿ ಪರದೆಯ ನಡುವೆ ಚಕ್ರ ತಿರುಗಿತು, ತಿರುಗಿತು, ಈ ತಾಣವನ್ನು ತಲುಪಲಾಗುತ್ತಿಲ್ಲ ಎಂಬ ಸಾಲು ಗೋಡೆಯಷ್ಟು ದೊಡ್ಡದಾಗಿ ಬಂತು. ಅತಿಥಿಗಳು ಇನ್ನೊಮ್ಮೆ ಒತ್ತಿದರು. ಆಮೇಲೆ ತಾವೇ ತಪ್ಪು ಒತ್ತಿದೆವೇನೋ ಎಂಬಂತೆ ನನ್ನ ಮುಖ ನೋಡಿದರು.

ವೇದಿಕೆಯ ಮೂಲೆಗೆ ಸರಿದು ಮನೆಗೆ ಫೋನ್ ಮಾಡಿದೆ.

‘ರೀ, ಆ ಲ್ಯಾಪ್‌ಟಾಪ್ ಮುಚ್ಚಿದೀರಾ?’

‘ನಾನು ಮುಟ್ಟೇ ಇಲ್ಲ ಮಾರಾಯ್ತಿ.’

‘ಮುಂದೆ ಕೂತ್ಕೊಳ್ಳಿ. ನಾ ಹೇಳಿದ್ದನ್ನ ಹೊಡೀರಿ. ಎಸ್, ವೈ, ಎಸ್, ಟಿ, ಇ, ಎಂ, ಸಿ, ಟಿ, ಎಲ್. ಆಮೇಲೆ ಸ್ಪೇಸ್.’

‘ಸ್ಪೇಸ್ ಯಾವ್ದು?’

‘ಕೆಳಗೆ ಉದ್ದಕ್ಕೆ ಇದೆ ನೋಡಿ. ಅದು.’

ಹೀಗೆ ಒಂದೊಂದೇ ಅಕ್ಷರ. ಮೈಕು ಹತ್ತಿರದಲ್ಲೇ ಇತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ‘ಹಸಿರು ಬಣ್ಣದಲ್ಲಿ ಆಕ್ಟಿವ್, ರನ್ನಿಂಗ್ ಅಂತಿದೆ’ ಎಂದರು ಇವರು. ಹಾಗಾದರೆ ಎಂಜಿನ್‌ಎಕ್ಸ್ ನಡೆಯುತ್ತಿದೆ. ಯಾರು ಬಂದರು, ಯಾರು ಹೋದರು ಎಂದು ಅದು ಬರೆದಿಡುವ ಲಾಗ್ ನೋಡಬೇಕು, ಅದಕ್ಕೆ ಸುಡೋ ಬೇಕು, ಸುಡೋಗೆ ಪಾಸ್‌ವರ್ಡ್ ಬೇಕು.

‘ಪಾಸ್‌ವರ್ಡ್ ಕೇಳ್ತಿದೆ. ಏನದು?’

‘ಹಸುವಿನ ಹೆಸರು. ಮುಂದೆ ಅದು ಮೊದಲ ಕರು ಹಾಕಿದ ಇಸವಿ.’

‘ಯಾವ ಹಸು? ಗೌರಿಯಾ? ಅದು ಸತ್ತು ಎಷ್ಟು ವರ್ಷ ಆಯ್ತು!’

‘ಜೋರಾಗಿ ಹೇಳ್ಬೇಡಿ!’

‘ಹೊಡೀತಾ ಇದೀನಿ, ಒಂದಕ್ಷರವೂ ಬೀಳ್ತಾ ಇಲ್ಲ. ಕೀಲಿಮಣೆ ಕೆಟ್ಟಿದೆ.’

ಲಿನಕ್ಸ್ ಟರ್ಮಿನಲ್ಲಿನಲ್ಲಿ ಪಾಸ್‌ವರ್ಡ್ ಬರೆಯುವಾಗ ಸಾಮಾನ್ಯವಾಗಿ ಒಂದು ಚುಕ್ಕೆಯೂ ಕಾಣುವುದಿಲ್ಲ. ಹೊಸಬರಿಗೆಲ್ಲ ಅದು ದಿಗಿಲು. ಮುಂದಿನ ಸಾಲು ನಗುತ್ತಿರುವಾಗ ಅದನ್ನು ಅಡಿಕೆ ತೋಟದ ಯಜಮಾನರಿಗೆ ಫೋನಿನಲ್ಲಿ ವಿವರಿಸಿದವಳು ನಾನೊಬ್ಬಳೇ ಇರಬೇಕು. ಕೊನೆಗೆ ಲಾಗ್ ತೆರೆಯಿತು. ‘ಈಗ ನಾನಿಲ್ಲಿ ಒತ್ತುತೀನಿ, ಹೊಸ ಸಾಲು ಬಂತಾ ನೋಡಿ.’ ಒತ್ತಿದೆ. ‘ಇಲ್ಲ.’ ಸಭೆಯಲ್ಲಿ ಮೊಬೈಲ್ ಇದ್ದವರಿಗೆಲ್ಲ ಒತ್ತಲು ಹೇಳಿದೆ. ‘ಇಲ್ಲ ಕಣೇ, ಏನೂ ಬರ್ತಿಲ್ಲ.’

ನನಗೆ ಆಗ ತಿಳಿಯಿತು. ಕೋರಿಕೆ ನಮ್ಮ ಮನೆಯವರೆಗೆ ಬರುತ್ತಲೇ ಇಲ್ಲ. ದಾರಿಯಲ್ಲೇ ಯಾರೋ ತಡೆಯುತ್ತಿದ್ದಾರೆ. ಇದನ್ನು ಸಭೆಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಮೈಕು ಹಿಡಿದು ‘ತಾಂತ್ರಿಕ ಕಾರಣಗಳಿಂದ’ ಎಂದರು. ಯಾರೋ ಹುಡುಗ ತನ್ನ ಫೋನನ್ನು ಸ್ಪೀಕರಿಗೆ ಹಚ್ಚಿ ಯೂಟ್ಯೂಬಿನಿಂದ ಬೇರೆಯವರ ‘ಕೃಷ್ಣ ಸಂಧಾನ’ ಹಾಕಿದ. ಕೌರವನ ಸಭೆಗೆ ಕೃಷ್ಣ ಬರುವ ಹೊತ್ತಿಗೆ ಸರಿಯಾಗಿ ಬಾತ್‌ರೂಮ್ ಟೈಲ್ಸಿನ ಜಾಹೀರಾತು ಬಂತು. ಜನ ಅದನ್ನೂ ಕೇಳಿದರು.

ಮನೆಗೆ ಬಂದು ಸೀರೆಯನ್ನೂ ಬದಲಿಸದೆ ರೌಟರಿನ ಸ್ಟೇಟಸ್ ಪುಟ ತೆರೆದೆ. ಹೊರಗಿನ ವಿಳಾಸ ಎಂದು ಅದು ತೋರಿಸಿದ್ದು 100.72ರಿಂದ ಶುರುವಾಗುವ ಸಂಖ್ಯೆ. ನನ್ನ ಐಪಿ ಯಾವುದು ಎಂದು ಇಂಟರ್ನೆಟ್ಟಿನಲ್ಲಿ ಕೇಳಿದರೆ ಬರುವ ಸಂಖ್ಯೆಯೇ ಬೇರೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದು ಮೀಸಲಿಟ್ಟಿದ್ದಾರೆ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ. ಜಾಗತಿಕ ಕೇಂದ್ರದಲ್ಲಿ ಹಂಚಲು ಉಳಿದಿದ್ದ ಕೊನೆಯ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಗಿತ್ತು. ಹಾಗಾಗಿ ಕಂಪನಿಗಳು ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ನಮ್ಮ ಬ್ಯಾಂಕಿನಲ್ಲಿ ಒಂದೇ ಫೋನ್ ನಂಬರು, ಮೇಜಿಗೊಂದು ಎಕ್ಸ್‌ಟೆನ್ಶನ್ ಇತ್ತಲ್ಲ, ಹಾಗೆ: ಒಳಗಿನಿಂದ ಯಾರು ಬೇಕಾದರೂ ಹೊರಗೆ ಕರೆ ಮಾಡಬಹುದು, ಹೊರಗಿನಿಂದ ಬಂದ ಕರೆ ಯಾರ ಮೇಜಿಗೆ ಎಂದು ಆಪರೇಟರಿಗೆ ತಿಳಿಯದು. ನಾನು ನನ್ನ ಮೇಜಿನ ಮೇಲೆ ಎಷ್ಟು ಚೆಂದ ಪೋರ್ಟ್ ಫಾರ್ವರ್ಡ್ ಮಾಡಿದರೂ ಪ್ರಯೋಜನವಿಲ್ಲ.

ನಮ್ಮ ಇಂಟರ್ನೆಟ್ ಕಂಪನಿಯ ಕಚೇರಿಗೆ ಹೋದೆ. ಹೆಸರು ಬರೆಯುವುದಿಲ್ಲ, ಈಗಲೂ ಅವರದೇ ಲೈನು. ಕೌಂಟರಿನ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: ‘ನೆಟ್ ಬರ್ತಿದೆ ಅಲ್ವಾ ಮೇಡಂ? ಮತ್ತೇನು ಪ್ರಾಬ್ಲಂ?’ ಬದಲಾಗದ ಸ್ವಂತ ವಿಳಾಸ, ಸ್ಟ್ಯಾಟಿಕ್ ಐಪಿ, ಬೇಕು ಎಂದೆ. ಕಮರ್ಷಿಯಲ್ ಕನೆಕ್ಷನ್ ತಗೊಳ್ಳಿ, ಜಿಎಸ್‌ಟಿ ನಂಬರ್ ತನ್ನಿ ಎಂದ. ತಾಳಮದ್ದಳೆಗೆ ಎಂಥ ಜಿಎಸ್‌ಟಿ? ಲೈನ್ ಹಾಕಿಕೊಡುವಾಗಲೇ ‘ನಿಮಗೆ ಸ್ವಂತ ವಿಳಾಸ ಇರುವುದಿಲ್ಲ’ ಎಂದು ಒಂದು ಮಾತು ಹೇಳಬಹುದಿತ್ತಲ್ಲ ಎಂದಾಗ, ಯಾರೂ ಕೇಳೋದೇ ಇಲ್ಲ ಎಂದ. ನಾನು ಕೌಂಟರಿನ ಆ ಕಡೆ ಕೂತು ದುಡಿದವಳು. ಗಿರಾಕಿಗೆ ಕೇಳಲು ಗೊತ್ತಿಲ್ಲದ್ದನ್ನು ಹೇಳುವುದಕ್ಕೇ ನಮಗೆ ಸಂಬಳ ಕೊಡುತ್ತಿದ್ದರು.

ಹೊಸ ಪದ್ಧತಿಯ ಐಪಿವಿ6 ವಿಳಾಸ ಸಿಕ್ಕರೆ ಈ ಕೊರತೆಯ ರಗಳೆ ಇಲ್ಲ. ಅದನ್ನು ಹೆಚ್ಚು ಬಳಸುವ ದೇಶಗಳಲ್ಲಿ ನಮ್ಮದೂ ಒಂದು. ನನ್ನ ಲೈನಿನಲ್ಲಿ ಮಾತ್ರ ಅದು ಇಲ್ಲ. ಕೊನೆಗೆ ಸ್ವಂತ ವಿಳಾಸ ಇರುವ ಒಂದು ಪುಟ್ಟ ಸರ್ವರನ್ನು ತಿಂಗಳ ಬಾಡಿಗೆಗೆ ಹಿಡಿದೆ. ಮನೆಯ ಯಂತ್ರ ತಾನಾಗಿ ಅದಕ್ಕೆ ಕರೆ ಮಾಡಿ ದಾರಿ ತೆರೆದಿಡುತ್ತದೆ, ಬಂದವರನ್ನು ಬಾಡಿಗೆ ಸರ್ವರ್ ಆ ದಾರಿಯಲ್ಲಿ ಇತ್ತ ಕಳಿಸುತ್ತದೆ. ವೈರ್‌ಗಾರ್ಡ್ ಎನ್ನುವುದು ಈ ಕೆಲಸ ಮಾಡುತ್ತದೆ. 2020ರಿಂದ ಅದು ಲಿನಕ್ಸ್ ಕರ್ನಲ್ಲಿನೊಳಗೇ ಇದೆ. 25 ಸೆಕೆಂಡಿಗೊಮ್ಮೆ ಸುಮ್ಮನೆ ಒಂದು ಸದ್ದು ಮಾಡು ಎಂದು ಬರೆದಿಡಬೇಕು, ಇಲ್ಲದಿದ್ದರೆ ಕಂಪನಿಯವರು ನಡುವೆ ದಾರಿ ಮುಚ್ಚುತ್ತಾರೆ. ಈಗ ಸರ್ಟ್‌ಬಾಟ್ ಕೂಡ ಮರುಮಾತಿಲ್ಲದೆ ಬೀಗ ಕೊಟ್ಟಿತು.

‘ಬಾಡಿಗೆ ಸರ್ವರ್ ಇದ್ದ ಮೇಲೆ ಎಲ್ಲ ಅಲ್ಲೇ ಇಡಿ ಅತ್ತೆ, ಮನೆಯದ್ದು ಯಾಕೆ?’ ಎಂದು ಅಣ್ಣನ ಮಗ ಕೇಳಿದ. 90 ನಿಮಿಷದ ಕ್ಯಾಸೆಟ್ ಒಂದನ್ನು ಕುಗ್ಗಿಸದೆ ಇಟ್ಟರೆ ಸುಮಾರು 950 ಎಂಬಿ. ನೂರು ಕ್ಯಾಸೆಟ್ಟಿಗೆ ಎಷ್ಟಾಯಿತು, ಆ ಪುಟ್ಟ ಬಾಡಿಗೆ ಸರ್ವರಿನಲ್ಲಿ ಜಾಗ ಎಷ್ಟಿದೆ, ಲೆಕ್ಕ ಹಾಕು ಎಂದೆ. ಹಾಕುತ್ತೇನೆ ಎಂದಿದ್ದಾನೆ.

ನನ್ನ ಹಾಗೆ ಹೊರಟವರು ಯಾವುದನ್ನೂ ಕೊಳ್ಳುವ ಮೊದಲು ರೌಟರಿನ ಆ ಪುಟ ನೋಡಿ. ಅಲ್ಲಿನ ಸಂಖ್ಯೆ ಮತ್ತು ಹೊರಗೆ ಕಾಣುವ ಸಂಖ್ಯೆ ಒಂದೇ ಇಲ್ಲದಿದ್ದರೆ ಪೋರ್ಟ್ ಫಾರ್ವರ್ಡಿಂಗ್ ಮರೆತುಬಿಡಿ. ಬೇರೆ ಊರಿನವರ ಮೊಬೈಲ್ ಡೇಟಾದಲ್ಲಿ ತೆರೆದ ಮೇಲೆ ಮಾತ್ರ ತೆರೆಯಿತು ಎನ್ನಿ. ಬಾಡಿಗೆ ಸರ್ವರಿಗೆ ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಕೀ ಮಾತ್ರ ಇಡಿ. ವಿಳಾಸ ಸಿಕ್ಕ ಸ್ವಲ್ಪ ಹೊತ್ತಿಗೇ ರೂಟ್ ಎಂದು, ಅಡ್ಮಿನ್ ಎಂದು ಜಗತ್ತಿನ ಮೂಲೆಮೂಲೆಗಳಿಂದ ಬಾಗಿಲು ತಟ್ಟುವವರು ಲಾಗಿನಲ್ಲಿ ಸಾಲುಗಟ್ಟುತ್ತಾರೆ. ಫೈರ್‌ವಾಲ್ ಹಾಕುವ ಮೊದಲು ನೀವು ಒಳಹೋಗುವ 22ನೆಯ ಪೋರ್ಟನ್ನು ಬಿಟ್ಟುಕೊಳ್ಳಿ. ಕರೆಂಟ್ ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೌಟರಿಗಿಲ್ಲ. ಅದಕ್ಕೊಂದು ಚಿಕ್ಕ ಯುಪಿಎಸ್ ಬೇಕು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಊದಿಕೊಂಡಿದೆಯೇ ಎಂದು ಆಗಾಗ ತಿರುಗಿಸಿ ನೋಡಿ. ಗೌರಿಯ ಹೆಸರಿನ ಪಾಸ್‌ವರ್ಡನ್ನು ನಾನು ಸಭೆಯ ರಾತ್ರಿಯೇ ಬದಲಿಸಿದೆ.

ಸ್ವಂತ ವಿಳಾಸದ ಬಗ್ಗೆ ಕಂಪನಿಗೆ ಒಂದು ದೂರನ್ನೂ ಕೊಟ್ಟಿದ್ದೆ. ಅದರ ಮುಂದೆ ಈಗ ‘ಪರಿಹರಿಸಲಾಗಿದೆ’ ಎಂದು ಬರುತ್ತಿದೆ. ಯಾರು ಪರಿಹರಿಸಿದರು ಎಂದು ಕೇಳಿ ಇನ್ನೊಂದು ದೂರು ಕೊಟ್ಟಿದ್ದೇನೆ.