ಎಂಜಿಬಿಯ ಹುಟ್ಟುಬಣ್ಣ

ಪ್ರಶ್ನೆ: ಬ್ರಿಟನ್ನಿನಲ್ಲಿ 1967ರ ಎಂಜಿಬಿ ಕಾರು ಕೊಂಡಿದ್ದೇನೆ. ಈಗ ಹಸಿರಾಗಿದೆ. ಕಾರ್ಖಾನೆ ಬಳಿದ ಬಣ್ಣ ತಿಳಿಯುವುದು ಹೇಗೆ?

ಉತ್ತರ: ಎಂಜಿಬಿಯ ತಯಾರಿಕಾ ದಾಖಲೆಗಳು ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿವೆ. ಚಾಸಿ ಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ ಮೂಲ ಬಣ್ಣ ನಮೂದಿಸಿದ ಹೆರಿಟೇಜ್ ಪ್ರಮಾಣಪತ್ರ ಸಿಗುತ್ತದೆ. ಬಣ್ಣದ ವಿಷಯದಲ್ಲಿ ಪತ್ರದಲ್ಲಿರುವುದು ಹೆಸರು ಮಾತ್ರ. ಛಾಯೆಗೆ ಕಾರೇ ಸಾಕ್ಷಿ. ಡ್ಯಾಶ್‌ಬೋರ್ಡಿನ ಹಿಂದೆ, ಕಾರ್ಪೆಟ್ಟಿನ ಅಡಿ, ಬಾಗಿಲಿನ ಒಳಹೊದಿಕೆಯ ಮರೆಯಲ್ಲಿ ಬಿಸಿಲು ಕಾಣದ ಹಳೆಯ ಬಣ್ಣ ಉಳಿದಿರುವುದುಂಟು. ಹೊರಮೈಯ ಹಸಿರನ್ನು ನಂಬುವಂತಿಲ್ಲ: ‘ಬ್ರಿಟಿಷ್ ರೇಸಿಂಗ್ ಗ್ರೀನ್’ ಎಂಬುದು ಒಂದೇ ಛಾಯೆಯಲ್ಲ, ತಯಾರಕರಿಂದ ತಯಾರಕರಿಗೆ ಬೇರೆ. ಹಳೆಯ ಪೇಂಟಿನಲ್ಲಿ ಸೀಸವಿರಬಹುದಾದ್ದರಿಂದ ಒಣಗಿದ್ದಾಗ ಉಜ್ಜಬಾರದು. ಪದರ ತೆಗೆಯುವುದು, ಛಾಯೆ ಹೊಂದಿಸುವುದು ಹಳೆಯ ಕಾರುಗಳಲ್ಲಿ ನುರಿತ ಪೇಂಟರ್‌ನ ಕೆಲಸ. ಬಣ್ಣ ಬದಲಾದರೆ ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ತಿಳಿಸುವುದು ಕಡ್ಡಾಯ.