ಅಡಿಗೆಮನೆಯಲ್ಲಿ ದೇವರ ಪ್ರೀತಿ

ಪ್ರಶ್ನೆ: ಸೊಸೆ ಕ್ರೈಸ್ತಳು. ದಿನಾ ಬೈಬಲ್ ಓದಿದರೂ ‘ದೇವರ ಪ್ರೀತಿ ಅನುಭವಕ್ಕೆ ಬರ್ತಿಲ್ಲ’ ಎಂದು ಅಳುತ್ತಾಳೆ. ಯಾವುದಾದರೂ ಶಾಂತಿ ಮಾಡಿಸಲೇ?

ಉತ್ತರ: ಶಾಂತಿ ಬೇಡ ತಾಯೀ, ಅವರ ಮತದಲ್ಲೇ ದಾರಿಯಿದೆ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸಾಧು ಅಡಿಗೆ ಮಾಡ್ತಿದ್ದರು. ಇಷ್ಟವಿಲ್ಲದ ಕೆಲಸ, ಆದರೂ ಪಾತ್ರೆಗಳ ಸದ್ದಿನಲ್ಲೇ ದೇವರೊಡನೆ ಮನಸ್ಸಿನಲ್ಲಿ ಮಾತಾಡುತ್ತಾ, ಎಲ್ಲವನ್ನೂ ಅವನ ಮೇಲಿನ ಪ್ರೀತಿಗಾಗಿ ಮಾಡಿದರು. ಮನಸ್ಸು ಜಾರಿದರೆ ಕೊರಗದೆ ಮತ್ತೆ ಅವನತ್ತ ತಿರುಗುತ್ತಿದ್ದರು. ಇದು ರೂಢಿಯಾಗಲು ಅವರಿಗೂ ವರ್ಷಗಳೇ ಹಿಡಿದವು. ನಮಗೂ ಪಾಠಶಾಲೆಯಲ್ಲಿ ಮಂತ್ರ ಬೇಗ ಬಾಯಿಗೆ ಬಂತು, ಎದೆಗೆ ಇಳಿದದ್ದು ತಡವಾಗಿ.

ಬೆಳಿಗ್ಗೆ ಓದಿದ ಒಂದೇ ವಾಕ್ಯವನ್ನು ಹಿಡಿದು, ಒಲೆ ಮುಂದೆ ನಿಂತಾಗ ಸೊಸೆ ಯೇಸುವಿನೊಡನೆ ಮಾತಾಡಲಿ. ನೀವು ಪಕ್ಕದಲ್ಲಿ ಕೂತು ತರಕಾರಿ ಹೆಚ್ಚಿಕೊಡಿ. ದೇವರ ಪ್ರೀತಿ ಅತ್ತೆಯ ಕೈಯಿಂದಲೂ ತಿಳಿಯುತ್ತೆ.